ಮೂವತ್ತೊಂದನೇ ಗೇಟಿನಲ್ಲಿ ಯಾರೂ ಇರಲಿಲ್ಲ

ರೈಲಿನಲ್ಲಿ ಕೂತವರಿಗೆಲ್ಲ ಊರು ಎದುರು ಬರುತ್ತದೆ. ಗಾರ್ಡಿಗೆ ಮಾತ್ರ ಅದು ಬೆನ್ನು ತಿರುಗಿಸಿಕೊಂಡು ಹೋಗುತ್ತದೆ. ಇಪ್ಪತ್ತಮೂರು ವರ್ಷ ಗಾರ್ಡಪ್ಪ ಕಂಡದ್ದು ಇಷ್ಟೇ: ಹಿಂದೆ ಬಿಟ್ಟ ಪ್ಲಾಟ್‌ಫಾರಂ, ಗಾಡಿ ತಪ್ಪಿಸಿಕೊಂಡು ಏದುಸಿರು ಬಿಡುತ್ತ ನಿಂತ ಮನುಷ್ಯ, ಒಂದಕ್ಕೊಂದು ಹತ್ತಿರ ಸರಿಯುತ್ತ ಕೊನೆಗೆ ಒಂದೇ ಗೆರೆಯಾಗಿ ಕಾಣುವ ಎರಡು ಹಳಿ.

ಗಾರ್ಡಪ್ಪ ಎಂಬ ಹೆಸರು ಅವನ ಬೀದಿಯವರು ಇಟ್ಟದ್ದು. ಅವನ ಕೆಲಸ ಒಂದು ನಗರದಿಂದ ಇನ್ನೊಂದು ನಗರಕ್ಕೆ ಬೆಳಗಿನ ಐದು ಗಂಟೆಗೆ ಹೊರಡುವ ಪ್ಯಾಸೆಂಜರ್ ಗಾಡಿಯ ಮೇಲೆ, ವಾರಕ್ಕೆ ಮೂರು ದಿನ. ಕಣ್ಣಿಗೆ ಬಿದ್ದ ಸ್ಟೇಷನ್ನಿನಲ್ಲೆಲ್ಲ ನಿಲ್ಲುವ ಗಾಡಿ ಅದು. ತರಕಾರಿ ಬುಟ್ಟಿಯವರು, ದೊಡ್ಡಾಸ್ಪತ್ರೆಗೆ ಹೋಗುವವರು, ಕಾಲೇಜಿನ ಹುಡುಗಿಯರು, ಕಚೇರಿಯ ಗುಮಾಸ್ತರು ಎಲ್ಲರೂ ಹತ್ತುತ್ತಿದ್ದರು. ಬೈದುಕೊಂಡೇ ಹತ್ತಿ, ಬೈದುಕೊಂಡೇ ಇಳಿಯುತ್ತಿದ್ದರು. ಅಷ್ಟು ಜನರ ಮಾತು ಮುಂದಿನ ಹತ್ತು ಡಬ್ಬಿಗಳಲ್ಲೇ ಮುಗಿದುಹೋಗುತ್ತಿತ್ತು. ಕೊನೆಯ ಡಬ್ಬಿಯಲ್ಲಿದ್ದ ಗಾರ್ಡಿನ ಗೂಡಿಗೆ ಬಂದು ಮುಟ್ಟುತ್ತಿದ್ದದ್ದು ಚಕ್ರದ ಸದ್ದು, ಧೂಳು.

ಆ ಗೂಡಿನಲ್ಲಿ ಕೂರಲು ಇಲಾಖೆ ಕೊಟ್ಟ ಸೀಟಿನ ಸ್ಪ್ರಿಂಗು ಯಾವ ಕಾಲದಲ್ಲೋ ಸತ್ತಿತ್ತು. ಅವನು ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದುಕೊಂಡಿದ್ದ. ಶೌಚಕ್ಕೆ ಜಾಗವಿರಲಿಲ್ಲ. ಸಾವಿರ ಜನರ ಗಾಡಿಗೆ ಇವನೇ ಹೊಣೆ ಎಂದು ನಿಯಮದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ದೊಡ್ಡವರಿಗೆ, ಆ ಹೊಣೆಗಾರನಿಗೂ ಮನುಷ್ಯರ ಹೊಟ್ಟೆಯೇ ಇರುತ್ತದೆ ಎಂಬುದು ಹೊಳೆಯಲಿಲ್ಲ. ಬದಲಿಸಿದ್ದು ಹುದ್ದೆಯ ಹೆಸರನ್ನು. ಗಾರ್ಡ್ ಹೋಗಿ ಟ್ರೈನ್ ಮ್ಯಾನೇಜರ್ ಆಯಿತು.

ಗಂಡ ಹೋದಮೇಲೆ ತಮ್ಮನ ಮನೆಯಲ್ಲೇ ಇದ್ದ ಅಕ್ಕನಿಗೆ ಇದು ಹಬ್ಬವಾಯಿತು. "ಮ್ಯಾನೇಜರ್ ಆದೆಯಂತೆ! ಕುರ್ಚಿ ಕೊಟ್ರಾ?"

"ಇಲ್ಲ ಕಣಕ್ಕ, ಹೆಸರು ಕೊಟ್ರು."

"ಹಂಗಾದ್ರೆ ಅದನ್ನೇ ಹಾಸ್ಕೊಂಡು ಕೂತ್ಕೋ."

ಮದುವೆಯ ಮಾತು ಎರಡು ಸಲ ಎದ್ದು ಎರಡು ಸಲವೂ ಕೂತಿತ್ತು. ಬೆಳಗ್ಗೆ ಮೂರೂವರೆಗೆ ಏಳುವವನಿಗೆ, ಹಬ್ಬ ಹರಿದಿನಕ್ಕೆ ಮನೆಯಲ್ಲಿರದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಸ್ನೇಹಿತರೂ ಹಾಗೇ ಉದುರಿಹೋದರು. ಡ್ರೈವರ್ ಇರುವುದು ಕಾಲು ಕಿಲೋಮೀಟರ್ ಮುಂದೆ. ವಾಕಿಟಾಕಿಯಲ್ಲಿ ಬರುವುದು ಅವನ ಗಂಟಲು ಮಾತ್ರ. ಒಟ್ಟು ಲೆಕ್ಕ ಹಾಕಿದರೆ ಗಾರ್ಡಪ್ಪನಿಗೆ ಗೆಳೆಯ ಅಂತ ಇದ್ದವನು ಒಬ್ಬನೇ. ಅವನೊಡನೆ ಒಂದು ಮಾತೂ ಆಡಿರಲಿಲ್ಲ.

ಅವನು ಮೂವತ್ತೊಂದನೇ ಗೇಟಿನವನು. ರೈಲು ಬರುವಾಗ ರಸ್ತೆಯ ಗೇಟು ಹಾಕಿ, ಗೇಟ್‌ಮ್ಯಾನ್ ಹೊರಗೆ ಬಂದು ಹಸಿರು ಬಾವುಟ ಹಿಡಿದು ನಿಲ್ಲಬೇಕು. ಗಾಡಿಯ ಅಡಿಯಲ್ಲಿ ಏನಾದರೂ ಜೋತಾಡುತ್ತಿದೆಯೇ, ಚಕ್ರದಿಂದ ಹೊಗೆ ಬರುತ್ತಿದೆಯೇ ಎಂದು ಕೊನೆಯ ಡಬ್ಬಿಯವರೆಗೆ ನೋಡಬೇಕು. ಗಾರ್ಡ್ ತನ್ನ ಬಾವುಟ ತೋರಿಸಿ, ಎಲ್ಲ ಸರಿಯಿದೆ, ಕಂಡೆ ಎನ್ನಬೇಕು. ಅವರು ಇವನಿಗೆ, ಇವನು ಅವರಿಗೆ. ಒಟ್ಟು ನಾಲ್ಕು ಸೆಕೆಂಡಿನ ಕೆಲಸ.

ಉಳಿದ ಗೇಟಿನವರು ನೊಣ ಓಡಿಸಿದ ಹಾಗೆ ಬಾವುಟ ಆಡಿಸುತ್ತಿದ್ದರು. ಮೂವತ್ತೊಂದನೆಯವನು ಹಾಗಲ್ಲ. ಉದ್ದನೆಯ ಖಾಕಿ ಕೋಟು, ತಲೆಗೆ ಸುತ್ತಿದ ಮಫ್ಲರು, ಕಾಲು ಜೋಡಿಸಿ ಹುಗಿದಿಟ್ಟ ಹಾಗೆ ನಿಲ್ಲುತ್ತಿದ್ದ. ಗಾರ್ಡಪ್ಪ ಮನಸ್ಸಿನಲ್ಲೇ ಅವನಿಗೆ ಕಂಬಣ್ಣ ಎಂದು ಹೆಸರಿಟ್ಟ. ಗಾರ್ಡಿನ ಗೂಡು ದಾಟಿದ ಮೇಲೆ ಕಂಬಣ್ಣ ಬಾವುಟವನ್ನು ಸುತ್ತಿ ತೊಡೆಗೆ ಎರಡು ಸಲ ತಟ್ಟುತ್ತಿದ್ದ. ಅದು ಯಾವ ನಿಯಮದಲ್ಲೂ ಇರಲಿಲ್ಲ. ಅದಕ್ಕುತ್ತರವಾಗಿ ಗಾರ್ಡಪ್ಪ ಎಡಗೈ ಎತ್ತುತ್ತಿದ್ದ. ಅದೂ ನಿಯಮದಲ್ಲಿರಲಿಲ್ಲ. ಹದಿನಾಲ್ಕು ವರ್ಷ ಹೀಗೆ ನಡೆಯಿತು. ಕಂಬಣ್ಣನ ಮುಖ ಹೇಗಿದೆಯೆಂದು ಕೇಳಿದರೆ ಗಾರ್ಡಪ್ಪನಿಗೆ ಹೇಳಲು ಬರುತ್ತಿರಲಿಲ್ಲ.

ಹದಿನಾಲ್ಕನೆಯ ವರ್ಷದ ಒಂದು ಸೋಮವಾರ, ಚಳಿಗಾಲ, ಆರು ಗಂಟೆ ಹತ್ತು ನಿಮಿಷ. ಗೇಟು ಹಾಕಿತ್ತು. ಗೇಟಿನವನ ಗೂಡಿನ ಬಾಗಿಲು ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಹೊರಗೆ ಯಾರೂ ಇರಲಿಲ್ಲ.

ಗಾರ್ಡಪ್ಪ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು ಬಗ್ಗಿ ನೋಡಿದ. ಖಾಲಿ. ವಾಕಿಟಾಕಿ ಕೈಯಲ್ಲೇ ಇತ್ತು. ಹನ್ನೆರಡು ನಿಮಿಷಕ್ಕೆ ಮುಂದಿನ ಸ್ಟೇಷನ್. ಅಲ್ಲಿಯ ಮಾಸ್ಟರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಡಬ್ಬದಲ್ಲಿ ಆಡಿದ್ದು ಡ್ರೈವರಿಗೂ ಕೇಳುತ್ತದೆ, ಮಾಸ್ಟರಿಗೂ ಕೇಳುತ್ತದೆ, ಗಾಳಿ ಚೆನ್ನಾಗಿದ್ದರೆ ಆಚೆ ಸ್ಟೇಷನ್ನಿಗೂ ಕೇಳುತ್ತದೆ. ಪಾಪ, ಕಣ್ಣು ಹತ್ತಿರಬೇಕು, ಇಲ್ಲವೇ ಚೊಂಬು ಹಿಡಿದು ಪೊದೆಯ ಕಡೆ ಹೋಗಿರಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ದಿನ. ಗೆಳೆಯನ ಹೊಟ್ಟೆಯ ಮೇಲೆ ಹೊಡೆಯುವುದೇ? ಗಾರ್ಡಪ್ಪ ಬಾಯಿ ಮುಚ್ಚಿಕೊಂಡ. ಒಳ್ಳೆಯ ಕೆಲಸ ಮಾಡಿದವನ ಬೆಚ್ಚಗಿನ ಭಾವದಲ್ಲಿ ಕೂತು ಡಬ್ಬಿಯ ಬುತ್ತಿಯನ್ನೂ ತಿಂದ.

ಹನ್ನೊಂದಕ್ಕೆ ಗಾಡಿ ಕೊನೆಯ ನಗರ ಮುಟ್ಟಿತು. ಇಂಜಿನ್ ಇಳಿದು ಬಂದ ಡ್ರೈವರ್ ಕೇಳಿದ, "ಮೂವತ್ತೊಂದರಲ್ಲಿ ಯಾರೂ ಇರ್ಲಿಲ್ಲ ಅಲ್ವಾ? ನಾನು ಬರೆದಾಯ್ತು. ನೀವೂ ಬರೀರಿ."

"ಬಿಡಿ ಸಾರ್, ಒಂದು ದಿನ..."

"ಒಂದು ದಿನ ಅಂತ ನೀವಂತೀರಿ. ನಾನು ಬರೆದು ನೀವು ಬರೀದಿದ್ರೆ ಮೇಲಿನವರು ಏನಂತಾರೆ ಗೊತ್ತಾ? ಗಾರ್ಡ್ ಸಾಹೇಬ್ರು ಹಿಂದೆ ಗೊರಕೆ ಹೊಡೀತಿದ್ರು ಅಂತಾರೆ. ಆಮೇಲೆ ನಿಮ್ಮಿಷ್ಟ."

ಗಾರ್ಡಪ್ಪ ಬರೆದ. 'ಮೂವತ್ತೊಂದನೇ ಗೇಟಿನಲ್ಲಿ ಯಾರೂ ಇರಲಿಲ್ಲ.' ಆ ಫಾರಂನಲ್ಲಿ ಗೇಟಿನ ನಂಬರಿಗೆ ಒಂದು ಕಲಂ ಇತ್ತು, ಸಮಯಕ್ಕೆ ಒಂದು, ತಪ್ಪಿನ ಸ್ವರೂಪಕ್ಕೆ ಒಂದು. ಅಲ್ಲಿರಬೇಕಾದ ಮನುಷ್ಯನಿಗೆ ಏನಾಗಿರಬಹುದು ಎಂಬುದಕ್ಕೆ ಕಲಂ ಇರಲಿಲ್ಲ. ಫಾರಂ ಮಾಡಿದವರು ಮನುಷ್ಯ ಕಾಣದಿದ್ದರೆ ಅದು ತಪ್ಪು ಎಂದಷ್ಟೇ ತಿಳಿದವರು. ಅಂಥ ಫಾರಂ ತುಂಬುತ್ತ ತುಂಬುತ್ತ ತುಂಬುವವನ ತಲೆಯೂ ಅದೇ ಅಳತೆಗೆ ಬರುತ್ತದೆ.

ಬುಧವಾರ ಗೇಟು ಬರುವ ಮುಂಚೆಯೇ ಅವನು ಬಾಗಿಲಿಗೆ ಬಂದು ನಿಂತ. ಆರು ಹತ್ತು. ಗೇಟಿನ ಬಳಿ ಅದೇ ಖಾಕಿ ಕೋಟು, ಅದೇ ಮಫ್ಲರು, ಹಸಿರು ಬಾವುಟ. ಗಾರ್ಡಪ್ಪನಿಗೆ ಜೀವ ಬಂದಂತಾಯಿತು. ಸದ್ಯ, ಏನೂ ಮಾಡಿಲ್ಲ! ಎಡಗೈಯನ್ನು ಎಂದಿಗಿಂತ ಮೇಲೆತ್ತಿದ. ಆ ಕಡೆಯಿಂದ ತೊಡೆಗೆ ತಟ್ಟಿದ್ದು ಕಾಣಲಿಲ್ಲ. ಬಾವುಟ ಇಳಿಸಿ, ಮುಖ ತಿರುಗಿಸಿ, ಕಂಬಣ್ಣ ಒಳಗೆ ಹೋದ.

ಶುಕ್ರವಾರವೂ ಹಾಗೇ. ಮುಂದಿನ ವಾರವೂ ಹಾಗೇ. ಗಾರ್ಡಪ್ಪನಿಗೆ ಅರ್ಥವಾಯಿತು. ಬರೆದವನು ಯಾರೆಂದು ಗೊತ್ತಾಗಿದೆ. ಸಿಟ್ಟು ಬಂದಿದೆ. ಬರಲೇಬೇಕು.

ಸಿಟ್ಟು ಒಂದು ತಿಂಗಳಲ್ಲಿ ಇಳಿದೀತು ಎಂದುಕೊಂಡ. ಒಂಬತ್ತು ವರ್ಷವಾದರೂ ಇಳಿಯಲಿಲ್ಲ. ಗಾರ್ಡಪ್ಪ ಕೈ ಎತ್ತುವುದನ್ನು ಬಿಡಲಿಲ್ಲ, ಆ ಕಡೆಯವರು ಮುಖ ತಿರುಗಿಸುವುದನ್ನೂ ಬಿಡಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಪ್ಪಿ ಅಕ್ಕನ ಹತ್ತಿರ ಹೇಳಿಕೊಂಡ. ಅವಳು ಅನ್ನದ ಸೌಟನ್ನು ಹಿಡಿದುಕೊಂಡೇ ನಕ್ಕಳು.

"ಮಾತೇ ಆಡದವನ ಜೊತೆ ಮಾತು ಬಿಟ್ಕೊಂಡವನು ಲೋಕದಲ್ಲಿ ನೀನೊಬ್ಬನೇ ಕಣೋ!"

"ನಗಬೇಡ ಅಕ್ಕ. ನಾನು ಅವನ ಅನ್ನಕ್ಕೆ ಕಲ್ಲು ಹಾಕೋಕೆ ಹೋಗಿದ್ದೆ."

"ಹಂಗಿದ್ರೆ ಹೋಗಿ, ತಪ್ಪಾಯ್ತಪ್ಪ ಅನ್ನು. ಬಾಯಿಗೇನು ಬೀಗ ಹಾಕಿದಾರಾ?"

ಹೋಗುವುದಕ್ಕೆ ಗಾಡಿ ಅಲ್ಲಿ ನಿಲ್ಲಬೇಕಲ್ಲ. ರಜಾ ಬಂದ ದಿನ ನಿದ್ದೆ ಎಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ನಡುವೆ ಅಕ್ಕ ತೀರಿಕೊಂಡಳು. ಮನೆಯಲ್ಲಿ ಬೀಗದ ಕೈ ಒಂದೇ ಸಾಕಾಯಿತು.

ಆಮೇಲೆ ಪ್ಯಾಸೆಂಜರ್ ಗಾಡಿಯ ಸರದಿ. ಎರಡು ನಗರಗಳ ನಡುವೆ ಗಾಜಿನ ಕಿಟಕಿಯ ಹೊಸ ವೇಗದ ಗಾಡಿ ಬಂತು. ಆರು ಗಂಟೆಯ ದಾರಿ ಎರಡೂಮುಕ್ಕಾಲಿಗೆ ಇಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಡುವಿನ ಇಪ್ಪತ್ತಾರು ಸ್ಟೇಷನ್ನುಗಳ ಜನ ಹೇಗೆ ಆಸ್ಪತ್ರೆಗೆ ಹೋಗಬೇಕು ಎಂದು ಚಪ್ಪಾಳೆಯ ನಡುವೆ ಕೇಳುವವರು ಯಾರು? ಹಳೆಯ ಗಾಡಿಯನ್ನು ರದ್ದು ಮಾಡಿದೆವು ಎಂದು ಹೇಳುವ ಮಾನವೂ ಇರಲಿಲ್ಲ. 'ತಾತ್ಕಾಲಿಕವಾಗಿ ಸಂಚರಿಸುವುದಿಲ್ಲ' ಎಂದು ಒಂದು ಹಾಳೆ ಅಂಟಿಸಿದರು. ಹಾಳೆ ಬಿಸಿಲಿಗೆ ಬೆಳ್ಳಗಾಯಿತು, ಗಾಡಿ ಬರಲಿಲ್ಲ. ಗಾಡಿ ನಿಂತ ತಿಂಗಳೇ ಗಾರ್ಡಪ್ಪನೂ ನಿವೃತ್ತನಾದ. ಕೊನೆಯ ಓಟದಲ್ಲಿ ಮೂವತ್ತೊಂದನೇ ಗೇಟಿನ ಹತ್ತಿರ ಎರಡೂ ಕೈ ಎತ್ತಿ ಮುಗಿದ. ಖಾಕಿ ಕೋಟು ಒಂದು ಕ್ಷಣ ನಿಂತು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ಎಂಟು ದಿನ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತ. ಒಂಬತ್ತನೆಯ ದಿನ ಬಸ್ಸು ಹತ್ತಿದ. ಕೂಡುರಸ್ತೆಯಲ್ಲಿ ಇಳಿದು, ಹೊಲದ ನಡುವಿನ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದ. ಗೇಟು ಹಾಕಿತ್ತು. ಗೂಡಿನ ಮುಂದೆ ಕೋಟು ತೊಟ್ಟವರು ಬೆನ್ನು ಹಾಕಿ ನಿಂತಿದ್ದರು. ಅವನ ಹೆಜ್ಜೆಯ ಸದ್ದಿಗೆ ತಿರುಗಿದ ಮುಖ ಹೆಂಗಸಿನದು. ನಲವತ್ತರ ಆಸುಪಾಸು.

"ಗೇಟ್ ತೆಗೆಯಲ್ಲ, ಗಾಡಿ ಬರ್ತಿದೆ," ಎಂದಳು.

"ಗೇಟ್ ಬೇಡಮ್ಮ. ಇಲ್ಲಿ ಬೆಳಗಿನ ಪಾಳಿಯಲ್ಲಿ ಇರ್ತಾರಲ್ಲ, ಅವರನ್ನ ನೋಡೋಕೆ ಬಂದೆ."

"ಬೆಳಗಿನ ಪಾಳಿ ನಂದೇ."

"ನೀವಲ್ಲಮ್ಮ. ಎತ್ತರಕ್ಕೆ, ಇದೇ ಕೋಟಲ್ಲಿ..."

"ಒಂಬತ್ತು ವರ್ಷದಿಂದ ನಂದೇ," ಎಂದವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ! ಕೈ ಎತ್ತೋ ಗಾರ್ಡು ನೀವೇನಾ?"

ಅಷ್ಟರಲ್ಲಿ ವೇಗದ ಗಾಡಿ ಬಂದು ಇಬ್ಬರ ಮಾತನ್ನೂ ಗುಡಿಸಿಕೊಂಡು ಹೋಯಿತು. ಅವಳು ಬಾವುಟ ಇಳಿಸಿ, ಗೇಟು ಎತ್ತಿ, ತಿರುಗಿ ಬಂದಳು. ಗಾರ್ಡಪ್ಪ ನಿಂತಲ್ಲೇ ನಿಂತಿದ್ದ.

"ಎಲ್ಲಾ ಗಾರ್ಡುಗಳೂ ಬಾವುಟ ತೋರಿಸ್ತಾರೆ. ನೀವೊಬ್ರು ಕೈ ಬೇರೆ ಎತ್ತೋರು. ನಾನು ಕಂಡೂ ಕಾಣದ ಹಾಗೆ ಇರ್ತಿದ್ದೆ."

"ಯಾಕಮ್ಮಾ?"

"ಯಾಕೆ ಅಂದ್ರೆ? ಕರೆದ್ರೆ ಓ ಅನ್ನೋರಿಲ್ಲದ ಜಾಗ ಇದು. ಒಬ್ಬಳೇ ಹೆಂಗಸು ಡ್ಯೂಟಿ ಮಾಡ್ತೀನಿ. ಗುರುತಿಲ್ಲದ ಗಂಡಸು ವಾರಕ್ಕೆ ಮೂರು ದಿನ ಕೈ ಎತ್ತಿದ್ರೆ ಆರತಿ ಎತ್ತಲಾ? ಮೊನ್ನೆಯಂತೂ ಎರಡೂ ಕೈ ಎತ್ತಿದ್ರಿ. ಚಿಲಕ ಹಾಕ್ಕೊಂಡೆ."

ಗಾರ್ಡಪ್ಪ ಆ ಕೋಟಿನ ಕಡೆ ನೋಡಿದ. "ಇದಕ್ಕೆ ಮುಂಚೆ ಇದ್ದವರು?"

"ಅವರಿಗೆ ಇಲ್ಲೇ ಲಕ್ವ ಹೊಡೀತಲ್ಲ. ಬೆಳಗಿನ ಪ್ಯಾಸೆಂಜರ್ ಬರೋ ಹೊತ್ತಲ್ಲಿ. ಗೇಟು ಹಾಕಿ ಬಾವುಟ ತಗೊಳ್ಳೋಕೆ ಒಳಗೆ ಬಂದ್ರಂತೆ, ಬಿದ್ರಂತೆ. ನನ್ನನ್ನ ಮಾರನೇ ದಿನವೇ ತಂದು ಹಾಕಿದ್ರು. ಕೋಟೂ ಅವರದ್ದೇ. ಹೊಸದು ಮಂಜೂರಾಗಿದೆ ಅಂತ ಒಂಬತ್ತು ವರ್ಷದಿಂದ ಹೇಳ್ತಿದಾರೆ." ಅವಳು ತೋಳನ್ನು ಮಡಚಿದ್ದನ್ನು ಬಿಡಿಸಿ ತೋರಿಸಿದಳು. ಕೈ ಮುಚ್ಚಿ ಇನ್ನೂ ಒಂದು ಗೇಣು ಉಳಿಯಿತು.

ಕಂಬಣ್ಣ ಈಗ ಎಲ್ಲಿದ್ದಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಗಾಡಿ ಕೊನೆಗೆ ನಿಲ್ಲುತ್ತಿದ್ದ ನಗರದಲ್ಲೇ, ಗೂಡ್ಸ್ ಶೆಡ್ಡಿನ ಹಿಂದಿನ ಬೀದಿ. ಅವನ ಹೆಂಡತಿ ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಗಾರ್ಡಪ್ಪ ಒಂಬತ್ತು ವರ್ಷವೂ ವಾರಕ್ಕೆ ಮೂರು ಮಧ್ಯಾಹ್ನ ಅದೇ ನಗರದಲ್ಲಿ, ಗಾಡಿಯ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಮಂಚದ ಮೇಲೆ ಅಂಗಾತ ಮಲಗಿ ಸಂಜೆಯ ಗಾಡಿಗೆ ಕಾದಿದ್ದ. ಅಲ್ಲಿಂದ ಆ ಬೀದಿಗೆ ಹತ್ತು ನಿಮಿಷವೂ ಬೇಡ.

ಬಸ್ಸಿನಲ್ಲಿ ಕೂತು ಅವನು ಯೋಚಿಸಿದ್ದು ಒಂದೇ. ಬಿದ್ದ ಮನುಷ್ಯನ ಮೇಲೆ ಕಾಗದ ಬರೆದೆನಲ್ಲ. ಆ ಒಂದು ಸಾಲಿನಿಂದ ಅವನಿಗೆ ಬರಬೇಕಾದ ಪಿಂಚಣಿ ನಿಂತಿದ್ದರೆ? ಕೆಲಸದಿಂದ ತೆಗೆದುಹಾಕಿದ್ದರೆ?

ಇಸ್ತ್ರಿ ಅಂಗಡಿಯೆಂದರೆ ಮನೆಯ ಮುಂದಿನ ಅರೆಗೋಡೆ, ಅದರ ಮೇಲೊಂದು ಹಲಗೆ. ಮಡಚಿದ ಅಂಗಿಗಳ ರಾಶಿಯ ಹಿಂದೆ ಹೆಂಡತಿ ನಿಂತಿದ್ದಳು. ಒಳಗಿನ ಕೋಣೆಯ ಕಿಟಕಿಯ ಪಕ್ಕದ ಮಂಚದಲ್ಲಿ ಅವನು ದಿಂಬಿಗೆ ಒರಗಿದ್ದ. ಗಾರ್ಡಪ್ಪ ಆ ಮುಖವನ್ನು ಮೊದಲ ಸಲ ನೋಡಿದ. ಅಗಲ ಹಣೆ, ಮೋಟು ಮೂಗು, ಎಡಕ್ಕೆ ಜಾರಿದ ಬಾಯಿ. ದಾರಿಯಲ್ಲಿ ಎದುರಾಗಿದ್ದರೆ ದಾಟಿಕೊಂಡು ಹೋಗುತ್ತಿದ್ದ.

"ಬೆಳಗಿನ ಪ್ಯಾಸೆಂಜರಿನ ಗಾರ್ಡು ನಾನು," ಎಂದ. "ಕೈ ಎತ್ತುತ್ತಿದ್ದೆನಲ್ಲ."

ಕಂಬಣ್ಣ ಬಹಳ ಹೊತ್ತು ನೋಡಿದ. "ಎಷ್ಟೋ... ಗಾರ್ಡುಗಳು," ಎಂದ. ನಾಲಿಗೆ ಒಂದೊಂದು ಮಾತನ್ನೂ ಎಳೆದು ತರುತ್ತಿತ್ತು. "ನೆನಪಿಲ್ಲ... ಸ್ವಾಮಿ."

"ನೀವು ಬಾವುಟನ ತೊಡೆಗೆ ಎರಡು ಸಲ ತಟ್ಟುತ್ತಿದ್ರಿ. ನನಗೆ."

"ಧೂಳು," ಎಂದ ಕಂಬಣ್ಣ. "ಧೂಳು... ಕೊಡವೋಕೆ."

ಗಾರ್ಡಪ್ಪ ತಲೆ ತಗ್ಗಿಸಿದ. ಬಂದ ಕೆಲಸವನ್ನಾದರೂ ಮುಗಿಸಬೇಕಿತ್ತು. ಅವತ್ತು ಸೋಮವಾರ ಕಾಗದ ಬರೆದವನು ತಾನೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು ಒಳಗೆ ಬಂದಳು.

"ಕಾಗದಾನಾ? ನಮಗೆ ಗೊತ್ತೇ ಇಲ್ಲ. ಅಯ್ಯೋ ಬಿಡಿ ಅಣ್ಣಾ, ಅದನ್ನ ಯಾರು ಓದ್ತಾರೆ? ಅಷ್ಟೊತ್ತಿಗೆ ಇವರು ಆಸ್ಪತ್ರೆಯಲ್ಲಿದ್ರು. ಅದರಿಂದ ಏನೂ ಆಗ್ಲಿಲ್ಲ. ಅದಕ್ಕೋಸ್ಕರ ಇಷ್ಟು ದೂರ ಬಂದ್ರಾ?"

ಒಂಬತ್ತು ವರ್ಷದ ಭಾರ ಇಳಿದದ್ದು ಅವನಿಗೆ ಮೈಯಲ್ಲೇ ಗೊತ್ತಾಯಿತು. ಕೂರಲು ಸ್ಟೂಲು ಕೊಟ್ಟಳು, ಕೂತ. ಚಹಾ ಕೊಟ್ಟಳು, ಕುಡಿದ. ಆಗ ಮಂಚದಿಂದ ದನಿ ಬಂತು.

"ಯಾರೂ ಇಲ್ಲ ಅಂತ... ನಿಮಗೆ ಯಾವಾಗ ಗೊತ್ತಾಯ್ತು?"

"ದಾಟುವಾಗಲೇ. ಆರು ಹತ್ತಕ್ಕೆ."

"ಬರೆದದ್ದು?"

"ಹನ್ನೊಂದಕ್ಕೆ. ಗಾಡಿ ಬಂದ ಮೇಲೆ. ಬೇಕಂತಲೇ ಸುಮ್ಮನಿದ್ದೆ. ನಿಮಗೆ ತೊಂದರೆ ಆಗಬಾರದು ಅಂತ."

ಕಂಬಣ್ಣ ಕಣ್ಣು ಮುಚ್ಚಿದ. ಗೇಟಿನವನ ತಲೆಯಲ್ಲಿ ಗಾಡಿಗಳ ವೇಳೆ ಅಳಿಸುವುದಿಲ್ಲ. "ಮುಂದಿನ ಸ್ಟೇಷನ್... ಆರು ಇಪ್ಪತ್ತೆರಡು," ಎಂದ. "ನನ್ನನ್ನ ನೋಡಿದ್ದು... ಒಂಬತ್ತೂವರೆಗೆ."

"ಆ ದಾರೀಲಿ ಅಷ್ಟೊತ್ತಿಗೆ ಯಾರೂ ಓಡಾಡಲ್ಲ. ಮುಂದಿನ ಗಾಡಿಗೆ ಗೇಟು ಹಾಕು ಅಂತ ಫೋನ್ ಮಾಡಿದ್ರಂತೆ, ಎತ್ತಲಿಲ್ಲವಂತೆ, ಆಮೇಲೆ ಆಳು ಕಳಿಸಿದ್ರು," ಎಂದಳು ಹೆಂಡತಿ. "ಗಾಡಿಯವರಿಗೆ ಕಾಣಲಿಲ್ಲ ಅಂತಲೇ ನಾವು ಅಂದ್ಕೊಂಡಿದ್ದು. ಬೆಳಕು ಇನ್ನೂ ಹರೀತಿತ್ತಲ್ಲ. ಡಾಕ್ಟ್ರು, ಇನ್ನು ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ..." ಮಾತು ಅಲ್ಲಿಗೆ ನಿಂತಿತು. ಅವಳು ಗಾರ್ಡಪ್ಪನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಅವಳಿಗೂ ಆಗ ತಾನೇ ಹೊಳೆದಿತ್ತು.

ಗಾರ್ಡಪ್ಪ ಬಾಯಿ ತೆರೆದ. ನಿದ್ದೆ ಹೋಗಿರಬೇಕು ಅಂದ್ಕೊಂಡೆ ಎನ್ನಬೇಕೆಂದಿದ್ದ. ಗೆಳೆಯ ಅಂದ್ಕೊಂಡಿದ್ದೆ ಎನ್ನಬೇಕೆಂದಿದ್ದ. ಆ ಕೋಣೆಯಲ್ಲಿ ಎರಡೂ ಮಾತಿಗೆ ಜಾಗವಿರಲಿಲ್ಲ. ಬರೆದದ್ದಕ್ಕೆ ಒಂಬತ್ತು ವರ್ಷ ಕೊರಗಿದ್ದ. ಬರೆದದ್ದರಿಂದ ಏನೂ ಆಗಿರಲಿಲ್ಲ. ಬಾಯಿ ಮುಚ್ಚಿದ್ದನ್ನು ದೊಡ್ಡ ಉಪಕಾರವೆಂದು ಜೋಪಾನ ಮಾಡಿಕೊಂಡಿದ್ದ.

ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. ಸಿಟ್ಟು ಮಾಡುವುದಕ್ಕೂ ಬಿಡುವು ಬೇಕು, ಅವಳಿಗೆ ಅದಿರಲಿಲ್ಲ. "ಇವರನ್ನ ಕುರ್ಚಿಗೆ ಕೂರಿಸೋ ಹೊತ್ತಾಯ್ತು. ದಿನಾ ಪಕ್ಕದ ಮನೆಯವರನ್ನ ಕೂಗ್ತೀನಿ. ನೀವೇ ಆ ಕಡೆ ಹಿಡ್ಕೊಳ್ಳಿ."

ಗಾರ್ಡಪ್ಪ ಎದ್ದ. ಕಂಬಣ್ಣನ ಎಡ ಕಂಕುಳಿಗೆ ಕೈ ಹಾಕಿದ. ಅಷ್ಟು ವರ್ಷ ಒಂದು ಗೆರೆಯಷ್ಟೇ ಕಂಡಿದ್ದ ಮನುಷ್ಯ ಮಣಭಾರವಿದ್ದ. ಎಡಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

"ಅವರ ಹೆಗಲು ಹಿಡ್ಕೊಳ್ರೀ," ಎಂದಳು ಹೆಂಡತಿ ಗಂಡನಿಗೆ.

ಕಂಬಣ್ಣನ ಬಲಗೈಗೆ ಬಲವಿತ್ತು. ಅದು ಮೇಲೆದ್ದು, ಗಾರ್ಡಪ್ಪನ ಹೆಗಲನ್ನು ದಾಟಿ, ಕಿಟಕಿಯ ಸರಳನ್ನು ಹಿಡಿದುಕೊಂಡಿತು.

"ಅದನ್ನ ಬಿಡ್ರೀ, ಹಂಗೆ ಹಿಡ್ಕೊಂಡ್ರೆ ಎತ್ತೋದು ಹೆಂಗೆ?"

ಅವನು ಬಿಡಲಿಲ್ಲ. ಇಬ್ಬರೂ ಎತ್ತುತ್ತಿದ್ದರು, ಅವನು ಸರಳನ್ನು ಹಿಡಿದೇ ಇದ್ದ. ಗಾರ್ಡಪ್ಪ ಮೆಲ್ಲನೆ ತನ್ನ ಕೈ ತೆಗೆದು, ಹೊರಗೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.